ಕೂಗದೆ ಉಳಿದ ಹೆಸರು

ಮರಗಳ ಹುಳ ತೆಗೆಯುವುದರಲ್ಲಿ ಮರಕುಟಿಗನನ್ನು ಮೀರಿಸುವ ವೈದ್ಯ ಆ ಕಾಡಿನಲ್ಲಿ ಇರಲಿಲ್ಲ. ಅವನ ಮರದಲ್ಲಿ ಶಿಷ್ಯರಿಗೆಂದು ಇದ್ದದ್ದು ಎರಡೇ ಪೊಟರೆ. ಅದಕ್ಕಾಗಿ ಹಕ್ಕಿಗಳು ಮುಗಿಬೀಳುತ್ತಿದ್ದವು. ಕುಟ್ರುಹಕ್ಕಿಯೂ ಬಂದು ಪರೀಕ್ಷೆ ಕೊಟ್ಟಳು. "ಕೊಕ್ಕು ಗಟ್ಟಿಯಿದೆ, ಕೆಲಸಕ್ಕೆ ತಕ್ಕವಳು" ಎಂದು ಗುರುವೇ ಒಪ್ಪಿದ.

ಕಾಡಿನ ಪದ್ಧತಿಯಂತೆ ಗುರುಗಳೆಲ್ಲ ನಸುಕಿನಲ್ಲಿ ಮರದ ತುದಿಗೇರಿ ತಮಗೆ ಬೇಕಾದವರ ಹೆಸರು ಕೂಗಬೇಕು. ಹಲವರು ಕೂಗಿದ ಶಿಷ್ಯ ತನಗಿಷ್ಟವಾದ ಮರಕ್ಕೆ ಹೋಗಬಹುದು. ಸೂರ್ಯ ಮೂಡಿದ ಮೇಲೆ ಗುರುಗಳು ಯಾರ ಹೆಸರನ್ನೂ ಕೂಗುವಂತಿಲ್ಲ.

ಮರಕುಟಿಗ "ಗಿಳಿ! ಮೈನಾ!" ಎಂದು ಕೂಗಿ ಸುಮ್ಮನಾದ.

"ಸ್ವಾಮಿ, ಅವರಿಬ್ಬರನ್ನೂ ಎಲ್ಲ ಮರಗಳಿಂದಲೂ ಕರೆಯುತ್ತಿದ್ದಾರೆ. ಇನ್ನೂ ಕೆಲವರ ಹೆಸರು ಕೂಗಿ" ಎಂದಳು ಮರದ ಕೆಳಗೆ ಕಾಯುತ್ತಿದ್ದ ಕುಟ್ರು.

"ಎರಡು ಪೊಟರೆಗೆ ಎರಡು ಹೆಸರು ಸಾಕು. ಮೂರನೆಯದನ್ನು ಕೂಗಿದರೆ, ಮರಕುಟಿಗನಿಗೂ ಶಿಷ್ಯರ ಬರವೇ ಎಂದು ಕಾಡೆಲ್ಲ ಆಡಿಕೊಳ್ಳುತ್ತದೆ."

ಗಿಳಿ ಮಾವಿನ ಮರಕ್ಕೆ ಹಾರಿದಳು, ಮೈನಾ ಆಲದ ಮರಕ್ಕೆ. ಬಿಸಿಲು ಬಿತ್ತು. ಪೊಟರೆಗಳೆರಡೂ ಖಾಲಿ ಉಳಿದವು.

"ಈ ವರ್ಷ ಯೋಗ್ಯರೇ ಸಿಗಲಿಲ್ಲ" ಎಂದ ಮರಕುಟಿಗ.

"ಯೋಗ್ಯಳು ನಿಮ್ಮ ಮರದ ಕೆಳಗೇ ನಿಂತಿದ್ದಳು, ಸ್ವಾಮಿ. ಕೂಗಲು ನಿಮಗೆ ಬಾಯಿ ಬರಲಿಲ್ಲ. ಮುಂದಿನ ವರ್ಷವೂ ಬರುತ್ತೇನೆ, ಅಲ್ಲಿಯವರೆಗೆ ನನ್ನ ಹೆಸರು ನಿಮಗೆ ಮರೆಯಬಾರದು. ಸೂರ್ಯ ಮೂಡಿದ ಮೇಲೆ ನೀವು ಕೂಗುವಂತಿಲ್ಲ, ನಾನು ಕೂಗಬಹುದಲ್ಲ!"

ಹಾಗೆಂದವಳು ಎದುರಿನ ಅತ್ತಿಮರದ ತುದಿಗೇರಿದಳು. ಒಬ್ಬನೇ ಕುಟ್ಟಿ ಕುಟ್ಟಿ ಸುಸ್ತಾದ ಮರಕುಟಿಗ ತಲೆಯೆತ್ತಿದಾಗಲೆಲ್ಲ, ಅವನು ಕೂಗದೆ ಬಿಟ್ಟ ಹೆಸರನ್ನು ಅವಳು ಇವತ್ತಿಗೂ ಕೂಗುತ್ತಲೇ ಇದ್ದಾಳೆ: "ಕುಟ್ರು, ಕುಟ್ರು, ಕುಟ್ರು!"