ಸರಳಿನ ಮೂರು ತೂತು

ದಸ್ತಗೀರ್ ಸಾಬರ ಗ್ಯಾರೇಜು ಗುಡ್ಡದ ಬುಡದಲ್ಲಿತ್ತು. ಗಾದಿಲಿಂಗ ಅಲ್ಲಿ ಆರು ವರ್ಷದಿಂದ ಕೆಲಸ ಕಲಿಯುತ್ತಿದ್ದ. ಅವನ ಕೈ ಚುರುಕು. ಗಾಡಿ ಓಡಿಸುವುದರಲ್ಲಿ ಇನ್ನೂ ಚುರುಕು. ಸಾಬರನ್ನು ಅವನು ಉಸ್ತಾದ್ ಎಂದು ಕರೆಯುತ್ತಿದ್ದ.

ಒಂದು ದಿನ ಸುಲೋಚನಾ ಎಂಬ ನರ್ಸು ತಮ್ಮ ಕಾರು ತಂದರು. ಗುಡ್ಡ ಹತ್ತಿ ಆಚೆ ಇಳಿದರೆ ಅವರು ಕೆಲಸ ಮಾಡುವ ಆರೋಗ್ಯ ಕೇಂದ್ರ. ದಿನಾ ಹೋಗಿ ಬರಬೇಕು.

"ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ ಸಾಬರೇ. ಮೂತಿ ಕಣಿವೆಯ ಕಡೆ ಎಳೆಯುತ್ತದೆ. ಬೆಳಿಗ್ಗೆ ಎದ್ದರೆ ಗುಡ್ಡ ಹತ್ತಬೇಕಲ್ಲ ಎಂಬ ಭಯ."

"ಇದರಲ್ಲಿ ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ. ಎರಡೂ ಕೆಲಸ ಮಾಡಿ ಅದಕ್ಕೆ ಸಾಕುಸಾಕಾಗಿದೆ," ಎಂದರು ಸಾಬರು. "ಹಿಂದೆ ಒಂದು ಸ್ವೇ ಬಾರ್ ಹಾಕೋಣ. ಗಾದಿಲಿಂಗ ಹಾಕುತ್ತಾನೆ."

ಸ್ವೇ ಬಾರ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಬಾಗಿದ ಉಕ್ಕಿನ ಸರಳು. ಅದು ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುತ್ತದೆ, ಮೂತಿ ಹೇಳಿದ ಕಡೆ ತಿರುಗುತ್ತದೆ. ಸರಳಿನ ಎರಡೂ ತುದಿಯಲ್ಲಿ ಮೂರು ಮೂರು ತೂತು. ಹೊರಗಿನ ತೂತಿಗೆ ಬೋಲ್ಟು ಹಾಕಿದರೆ ಹಿಡಿತ ಮೆದು. ಒಳಗಿನದಕ್ಕೆ ಹಾಕಿದರೆ ಬಿಗಿ.

ಗಾದಿಲಿಂಗ ಒಳಗಿನದಕ್ಕೆ ಹಾಕಿದ. ಸಂಜೆ ತಾನೇ ಘಾಟಿಗೆ ಓಡಿಸಿಕೊಂಡು ಹೋದ. ಕಾರು ಅವನು ಮನಸ್ಸಿನಲ್ಲಿ ನೆನೆದ ಕಡೆಗೇ ತಿರುಗಿತು. ಅಷ್ಟು ಚೆನ್ನಾಗಿ ಅವನು ಯಾವ ಗಾಡಿಯನ್ನೂ ಓಡಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಸುಲೋಚನಾ ಬಂದು ಕಾರು ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಸಾಬರು ಬಂದಾಗ ಗಾದಿಲಿಂಗ ಬ್ರೇಕು ಬಿಚ್ಚಿಟ್ಟ ಇನ್ನೊಂದು ಗಾಡಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದ.

"ಯಾವ ತೂತಿಗೆ ಹಾಕಿದೆ?"

"ಒಳಗಿನದಕ್ಕೆ ಉಸ್ತಾದ್. ಓಡಿಸಿಯೂ ನೋಡಿದೆ. ಎಲ್ಲೂ ಕದಲಲಿಲ್ಲ."

"ತಿರುವಿನ ನಡುವೆ ನಿನ್ನ ಕಾಲು ಎಲ್ಲಿತ್ತು?"

"ಆಕ್ಸಿಲರೇಟರ್ ಮೇಲೆ."

"ಹೆದರಿದವರ ಕಾಲು ಎಲ್ಲಿರುತ್ತದೆ?"

ಗಾದಿಲಿಂಗ ಲೋಟ ಕೆಳಗಿಟ್ಟ.

ಹೆದರಿದವರು ತಿರುವಿನ ನಡುವೆ ಕಾಲು ಎತ್ತಿಬಿಡುತ್ತಾರೆ. ಆಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಸರಳು ಅಷ್ಟು ಬಿಗಿಯಾಗಿದ್ದು ರಸ್ತೆಯೂ ಒದ್ದೆಯಾಗಿದ್ದರೆ, ಗಾಡಿಯ ಹಿಂಭಾಗವೇ ಜಾರಿಬಿಡುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ.

ಗಾದಿಲಿಂಗ ಸುಲೋಚನಾಗೆ ಫೋನು ಮಾಡಿದ. ಸಿಗಲಿಲ್ಲ. ಮತ್ತೆ ಮಾಡಿದ. ಗುಡ್ಡದಲ್ಲಿ ಸಿಗ್ನಲ್ಲೇ ಇರುವುದಿಲ್ಲ ಎಂದು ಗೊತ್ತಿದ್ದೂ ಮೂರನೆಯ ಸಲ ಮಾಡಿದ.

ಸಾಬರು ಆಗಲೇ ವ್ಯಾನು ಶುರು ಮಾಡಿದ್ದರು.

"ಸ್ವಲ್ಪ ಬೇಗ ಉಸ್ತಾದ್."

"ಒದ್ದೆ ರಸ್ತೆ ನಮಗೂ ಒದ್ದೆಯೇ."

ಪ್ರತಿ ತಿರುವಿನಲ್ಲೂ ಗಾದಿಲಿಂಗ ಕಿಟಕಿಯಿಂದ ತಲೆ ಹೊರಹಾಕಿ ಕಣಿವೆ ನೋಡುತ್ತಿದ್ದ. ಒಂದು ಕಡೆ ತಡೆಗೋಡೆಯ ಕಲ್ಲು ಕಿತ್ತುಹೋಗಿತ್ತು.

"ನಿಲ್ಲಿಸಿ ಉಸ್ತಾದ್."

"ಅದು ಹಳೆಯದು. ಸಂದಿಯಲ್ಲಿ ಹುಲ್ಲು ಬೆಳೆದಿದೆ ನೋಡು."

ಗುಡ್ಡದ ನೆತ್ತಿ ದಾಟಿದರು. ಇಳಿಜಾರು ಶುರುವಾಯಿತು. ನಾಲ್ಕನೆಯ ತಿರುವಿನಲ್ಲಿ ಆ ಕಾರು ಕಂಡಿತು. ಮೂತಿ ಬಂದ ದಾರಿಗೇ ತಿರುಗಿತ್ತು. ಹಿಂದಿನ ಚಕ್ರ ಗುಡ್ಡದ ಕಡೆಯ ಚರಂಡಿಗೆ ಇಳಿದಿತ್ತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಗಾದಿಲಿಂಗ ವ್ಯಾನಿನಿಂದ ಇಳಿದು ಕಣಿವೆಯ ಅಂಚಿಗೆ ಓಡಿದ.

"ಇಲ್ಲಿದ್ದೀನಿ," ಎಂಬ ದನಿ ಕೇಳಿತು.

ಸುಲೋಚನಾ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಮಕ್ಕಳ ಲಸಿಕೆಯ ಡಬ್ಬಿ. ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು.

"ಗಾಡಿ ಗಿರ್ರನೆ ತಿರುಗಿತು. ನನ್ನದೇ ತಪ್ಪು ಸಾಬರೇ. ಹೆದರಿ ಕಾಲು ತೆಗೆದುಬಿಟ್ಟೆ. ನನ್ನಂಥವಳು ಗಾಡಿ ಮುಟ್ಟಬಾರದು. ಇವತ್ತಿಗೆ ಮುಗಿಯಿತು."

ಸಾಬರು ಗಾದಿಲಿಂಗನ ಕಡೆ ನೋಡಲಿಲ್ಲ. ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು.

ಮಳೆ ಎಲೆಗಳ ಮೇಲೆ ಸದ್ದು ಮಾಡುತ್ತಿತ್ತು. ಗಾದಿಲಿಂಗ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ತಪ್ಪು ನಿಮ್ಮದಲ್ಲ ಸಿಸ್ಟರ್," ಎಂದ ಗಾದಿಲಿಂಗ. "ನಾನು ಸರಳನ್ನು ತೀರಾ ಬಿಗಿ ಮಾಡಿದ್ದೆ. ನನಗೆ ಬೇಕಾದ ಹಾಗೆ ಮಾಡಿದ್ದೆ. ಓಡಿಸುವವರು ನೀವು ಅನ್ನುವುದು ತಲೆಗೆ ಬರಲಿಲ್ಲ."

ಸುಲೋಚನಾ ರಸ್ತೆಯಾಚೆಯ ಕಣಿವೆಯ ಕಡೆ ಕೈ ತೋರಿಸಿದರು.

"ಎಡಗಡೆ ತಿರುಗಿದ್ದಕ್ಕೆ ಇಲ್ಲಿದ್ದೀನಿ ತಮ್ಮಾ. ಬಲಗಡೆ ಏನಿದೆ ನೋಡಿದೆಯಾ?"

ಅವನು ಹಗ್ಗ ತರಲು ವ್ಯಾನಿನ ಕಡೆ ಹೋದ.

ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಮೇಲೆ ಎಳೆದರು. ಮೂತಿ ಇಳಿಜಾರಿನ ಕಡೆ ತಿರುಗಿಸಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. ಗಾದಿಲಿಂಗ ಕೆಸರಿನಲ್ಲಿ ಅಂಗಾತ ಮಲಗಿ ಕಾರಿನಡಿ ಸರಿದ. ಎರಡೂ ಕಡೆಯ ಬೋಲ್ಟು ಬಿಚ್ಚಿ ಹೊರಗಿನ ತೂತಿಗೆ ಹಾಕಿದ. ಬಿಗಿ ಮಾಡಿದ್ದನ್ನು ಮತ್ತೊಮ್ಮೆ ನೋಡಿದ. ಇನ್ನೊಮ್ಮೆ ನೋಡಿದ.

"ನಾನೇ ಓಡಿಸಿಕೊಂಡು ಹೋಗಿ ಬಿಡುತ್ತೇನೆ ಸಿಸ್ಟರ್," ಎಂದ ಹೊರಗೆ ಬಂದು.

"ಬೇಡ. ಸಿಸ್ಟರೇ ಓಡಿಸಲಿ," ಎಂದರು ಸಾಬರು. "ನೀನು ಹಿಂದಿನ ಸೀಟಿನಲ್ಲಿ ಕೂತುಕೋ."

"ನನ್ನಿಂದ ಆಗುವುದಿಲ್ಲ," ಎಂದರು ಸುಲೋಚನಾ.

"ಅಲ್ಲಿ ಎಷ್ಟು ಮಕ್ಕಳು ಕಾಯುತ್ತಿವೆ?"

"ಹದಿನೇಳು."

ಸಾಬರು ಕಾರಿನ ಬಾಗಿಲು ತೆರೆದು ಹಿಡಿದರು. ಸುಲೋಚನಾ ಎದ್ದು ಡಬ್ಬಿಯನ್ನು ಗಾದಿಲಿಂಗನ ಕೈಗೆ ಕೊಟ್ಟರು.

ಸಾಬರ ವ್ಯಾನು ಹಿಂದೆ ಬಂತು. ಮುಂದೆ ಸುಲೋಚನಾ ಎರಡನೆಯ ಗೇರಿನಲ್ಲೇ ಇಳಿದರು. ಮೊದಲ ತಿರುವು ಹೋಯಿತು. ಎರಡನೆಯದರಲ್ಲಿ ಎದುರಿಗೆ ಲಾರಿ ಬಂತು. ಅವರು ಬೆಚ್ಚಿ ಕಾಲು ಎತ್ತಿದರು. ಹಿಂದಿನ ಸೀಟಿನಲ್ಲಿದ್ದ ಗಾದಿಲಿಂಗನಿಗೆ ತನ್ನ ಕೆಳಗೆ ಗಾಡಿ ಒಂದಿಷ್ಟು ಸಡಿಲಾದದ್ದು ತಿಳಿಯಿತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಗಾಡಿ ಜಾರಲಿಲ್ಲ. ಸಾವರಿಸಿಕೊಂಡು ತಿರುಗಿತು.

ಕೊನೆಯ ತಿರುವು ಕಳೆದ ಮೇಲೆ ಸುಲೋಚನಾ, "ಉಸಿರಾಡುತ್ತಿದ್ದೀಯಾ ತಮ್ಮಾ?" ಎಂದು ಕೇಳಿದರು.

"ಈಗ ಆಡುತ್ತಿದ್ದೀನಿ ಸಿಸ್ಟರ್."

ಆರೋಗ್ಯ ಕೇಂದ್ರದ ಜಗಲಿಯಲ್ಲಿ ತಾಯಂದಿರು ಕೂಸುಗಳನ್ನು ಹೊದಿಸಿಕೊಂಡು ಕೂತಿದ್ದರು. ಡಬ್ಬಿ ಒಳಗೆ ಹೋಯಿತು.

ಗಾದಿಲಿಂಗ ವ್ಯಾನು ಹತ್ತಿದ. ಗುಡ್ಡದ ನೆತ್ತಿ ಬರುವವರೆಗೂ ಹಿಂದೆ ತಿರುಗಿ ತಿರುಗಿ ನೋಡಿದ. ಸಂಜೆ ಸಿಸ್ಟರ್ ಇದೇ ದಾರಿಯಲ್ಲಿ ಒಬ್ಬರೇ ವಾಪಸು ಬರಬೇಕು. ನಾಳೆಯೂ. ನಾಡಿದ್ದೂ.

"ಉಸ್ತಾದ್, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಅವರು ಮನೆ ಸೇರುವವರೆಗೂ ನಿಲ್ಲುವುದಿಲ್ಲ ಅನ್ನಿಸುತ್ತದೆ."

ಸಾಬರು ತಿರುವಿನಲ್ಲಿ ಹಾರ್ನ್ ಮಾಡಿದರು.

"ನಿಮಗೂ ಹೀಗೆ ಆಗಿತ್ತಾ? ಎಷ್ಟು ವರ್ಷಕ್ಕೆ ಹೋಯಿತು?"

"ನಿನ್ನೆ ನೀನು ಬ್ರೇಕು ಬಿಚ್ಚಿಟ್ಟ ಗಾಡಿ ಇದೆಯಲ್ಲ," ಎಂದರು ಸಾಬರು, "ಅದನ್ನು ಇವತ್ತು ಹೊಡೆದುಕೊಳ್ಳುವ ಈ ಎದೆ ಇಟ್ಟುಕೊಂಡೇ ಜೋಡಿಸು."