ಕೂರಿಗೆ ಸಾಲಿನ ಪದ

ನಿರುಪಾದಿ ಹೆಗಲಿಗೆ ತಂಬೂರಿ, ಬಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು ಹೊಳೆದಂಡೆಯ ಗುಡಿಸಲಿಗೆ ಬಂದಾಗ ನೀಲಗಂಗವ್ವ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದಳು.

ಅವಳು ಅವನ ಗುರು. ಒಂಬತ್ತು ವರ್ಷ ಅವಳ ಮುಂದೆ ಕೂತು ಅವನು ಪದ ಹಾಡುವುದನ್ನೂ ಪದ ಕಟ್ಟುವುದನ್ನೂ ಕಲಿತಿದ್ದ. ಆಮೇಲೆ ಮದುವೆಯಾಯಿತು, ಅಪ್ಪನಿಂದ ಬಂದ ಐದೆಕರೆ ಎರೆಹೊಲ ಹೆಗಲಿಗೆ ಬಿತ್ತು, ಈಗ ಮೂರು ತಿಂಗಳ ಹೆಣ್ಣು ಕೂಸೂ ಇತ್ತು. ಸುತ್ತಲಿನ ಊರುಗಳಲ್ಲಿ ಅವನ ಪದಗಳನ್ನು ಜನ ಅವನವೆಂದು ಗೊತ್ತಿಲ್ಲದೆಯೇ ಹಾಡಿಕೊಳ್ಳುತ್ತಿದ್ದರು.

"ಏನಪಾ, ಗಂಟು ದೊಡ್ಡದೈತಿ. ಯಾವೂರಿಗೆ ಹೊಂಟಿ?"

"ಎಲ್ಲಿಗೂ ಇಲ್ಲವ್ವ. ಇಲ್ಲೇ ಇರಾಕ ಬಂದೀನಿ."

"ಎಷ್ಟು ದಿನ?"

"ಹೊಳ್ಳಿ ಹೋಗೂದಿಲ್ಲ."

ನೀಲಗಂಗವ್ವ ಕೊಡದಲ್ಲಿ ಉಳಿದ ನೀರನ್ನು ಕೊನೆಯ ಗಿಡಕ್ಕೆ ಸುರಿದು, ಕೊಡ ಬೋರಲು ಹಾಕಿದಳು.

"ಹೇಣ್ತಿಗೆ ಹೇಳಿ ಬಂದೀಯೇನು?"

"ಸಾವಂತ್ರಿಗೆ ಹೇಳೀನಿ."

"ಏನಂದ್ಲು?"

"ಏನೂ ಅನಲಿಲ್ಲ. ಕೂಸಿಗೆ ಹಾಲು ಕುಡಸಾಕತ್ತಿದ್ಲು. ಎದ್ದು ಎರಡು ರೊಟ್ಟಿ ಕಟ್ಟಿ ಕೊಟ್ಲು."

ಇದನ್ನು ಹೇಳುವಾಗ ನಿರುಪಾದಿ ಬಗಲಿನ ಗಂಟನ್ನು ಮುಟ್ಟಿ ನೋಡಿಕೊಂಡ. ಅವಳು ನಾಲ್ಕು ಮಂದಿಯ ಮುಂದೆ ಬೈದಿದ್ದರೆ ಹೊರಟು ಬರುವುದು ಎಷ್ಟೋ ಸಲೀಸಾಗಿರುತ್ತಿತ್ತು.

"ಯಾಕ ಬಂದಿ, ಅದನ್ನ ಹೇಳು," ಎಂದಳು ನೀಲಗಂಗವ್ವ.

"ಒಂದ ಪದ ಅವ್ವ. ಎರಡು ವರ್ಷದಿಂದ ತಲ್ಯಾಗ ಐತಿ. ಪಲ್ಲವಿ ಕೂಡೈತಿ, ಮೂರು ನುಡಿ ಕೂಡ್ಯಾವು. ಕಡೀ ನುಡಿ ಇಲ್ಲ. ಇಂಥಾ ಪದ ನನ್ನ ಬಾಯಾಗ ಇನ್ನೊಮ್ಮಿ ಬರೂದಿಲ್ಲ. ಅದು ಹೋದ್ರ ನಾ ಹಾಡುಗಾರನ ಅಲ್ಲ."

"ಹಾಡು ನೋಡೂನು."

"ಅರ್ಧ ಪದ ಯಾರ ಮುಂದೂ ಹಾಡಬ್ಯಾಡ ಅಂತ ನೀವ ಹೇಳೀರಿ. ಸಾವಂತ್ರಿ ಮುಂದೂ ಹಾಡಿಲ್ಲ."

ನೀಲಗಂಗವ್ವ ನಕ್ಕಳು. ಶಿಷ್ಯನ ತಲೆಯಲ್ಲಿ ತನ್ನ ಒಂದಾದರೂ ಮಾತು ಉಳಿದಿದೆಯಲ್ಲ ಎಂದು ಅವಳಿಗೆ ಖುಷಿಯಾಗಿರಬೇಕು.

"ಕಡೀ ನುಡಿ ಎಲ್ಲಿ ಹೋತು?"

"ಬಂದಿತ್ತವ್ವ. ಹನ್ನೊಂದು ದಿನದ ಹಿಂದ, ಬಿತ್ತೂ ಮುಂದ, ನಾಲಿಗಿ ತುದಿಗೆ ಬಂದಿತ್ತು. ಆಗ ದುರುಗಪ್ಪ ಕರದ."

ನಡೆದದ್ದು ಇಷ್ಟು. ಆ ಸೀಮೆಯಲ್ಲಿ ಬಿತ್ತುವ ಕೂರಿಗೆಯ ಮೇಲೊಂದು ಮರದ ಬಟ್ಟಲು, ಬಟ್ಟಲಿನಿಂದ ಮೂರು ಕೊಳವೆ ನೆಲಕ್ಕಿಳಿಯುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ. ಉಡಿಯಲ್ಲಿ ಕಾಳು ಕಟ್ಟಿಕೊಂಡ ಹೆಂಗಸು ಪಕ್ಕದಲ್ಲಿ ನಡೆಯುತ್ತ ಮುಷ್ಟಿಯಿಂದ ಬಟ್ಟಲಿಗೆ ಕಾಳು ಬಿಡುತ್ತಾಳೆ. ಬೆರಳು ಸಡಿಲಾದರೆ ಮೂರೂ ಸಾಲಿನಲ್ಲಿ ಕಾಳು ಒತ್ತಾಗಿ ಬೀಳುತ್ತದೆ, ಬಿಗಿಯಾದರೆ ಮೂರೂ ಸಾಲು ಖಾಲಿ. ಬೀಳುವಾಗ ಯಾರಿಗೂ ಕಾಣುವುದಿಲ್ಲ. ಮೊಳಕೆ ಬಂದಾಗ ಊರಿಗೆಲ್ಲ ಕಾಣುತ್ತದೆ.

ಸಾವಂತ್ರಿ ಬಾಣಂತಿ ಎಂದು ಈ ವರ್ಷ ನಿರುಪಾದಿ ತಾನೇ ಟವೆಲ್ಲಿನಲ್ಲಿ ಉಡಿ ಕಟ್ಟಿಕೊಂಡು ನಿಂತಿದ್ದ. ಎತ್ತು ಹೊಡೆಯಲು ಬಂದಿದ್ದ ಅವಳ ಅಣ್ಣ, ಕೈಗೆ ಹಸಿರು ಬಳೆ ಇಟ್ಟರೆ ಒಪ್ಪುತ್ತದೆ ಎಂದು ತಮಾಷೆ ಮಾಡಿದ. ನಿರುಪಾದಿಗೆ ಅದು ಕಿವಿಗೇ ಬೀಳಲಿಲ್ಲ. ಎತ್ತಿನ ಹೆಜ್ಜೆಗೆ ಸರಿಯಾಗಿ ಒಳಗೆ ಪದ ಏಳುತ್ತಿತ್ತು. ಮೊದಲ ನುಡಿ, ಎರಡನೆಯದು, ಮೂರನೆಯದು. ನಾಲ್ಕನೆಯದು ಇನ್ನೇನು ಬಾಯಿಗೆ ಬಂತು ಎನ್ನುವಾಗ ಬದುವಿನ ಆಚೆಯಿಂದ ದುರುಗಪ್ಪ ಅವನ ಹೆಸರು ಹಿಡಿದು ಕೂಗಿದ.

ದುರುಗಪ್ಪ ಪಕ್ಕದ ಹೊಲದ ಮುದುಕ. ಅವನ ಹೆಂಡತಿ ಹೊನ್ನವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಮೂವತ್ತೆಂಟು ವರ್ಷ ಅವನ ಕೂರಿಗೆಗೆ ಕಾಳು ಬಿಟ್ಟ ಕೈ ಅವಳದೊಂದೇ. ಅವತ್ತು ಅವನು ಎತ್ತು ಹೂಡಿ, ಕಾಳಿನ ಚೀಲ ಬಿಚ್ಚಿ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದ. ನಿರುಪಾದಿ ಅದನ್ನು ನೋಡಿದ. ನೋಡಿದ ಮೇಲೆ ಅವನಿಂದ ನಿಲ್ಲಲಾಗಲಿಲ್ಲ. ಉಡಿಯ ಕಾಳನ್ನು, ಕೂಸು ಎತ್ತಿಕೊಂಡು ಬುತ್ತಿ ತಂದಿದ್ದ ಸಾವಂತ್ರಿಯ ಉಡಿಗೆ ಸುರಿದು ಬದು ದಾಟಿ ಹೋದ. ಹೊತ್ತು ಇಳಿಯುವ ತನಕ ಮುದುಕನ ಹೊಲ ಬಿತ್ತಿಕೊಟ್ಟ. ತಿರುಗಿ ಬಂದಾಗ ಬಾಯಲ್ಲಿ ಪದ ಇರಲಿಲ್ಲ.

"ಮನಿ ಕರೀತೈತಿ, ಹೊಲ ಕರೀತೈತಿ, ಮಂದಿ ಕರೀತಾರ," ಎಂದ ನಿರುಪಾದಿ. "ಪದ ಒಂದ ಕರ್ಯಾಂಗಿಲ್ಲ. ಅದಕ್ಕ ಅದು ಯಾವತ್ತೂ ಹಿಂದ ಉಳೀತೈತಿ. ಇಲ್ಲಿ ಯಾರೂ ಕರ್ಯಾಂಗಿಲ್ಲ. ನೀವೂ ಎಲ್ಲಾ ಬಿಟ್ಟ ಬಂದೀರಲ್ಲವ್ವ?"

ನೀಲಗಂಗವ್ವ ಗುಡಿಸಲಿನೊಳಗೆ ನೋಡಿದಳು. ಅಲ್ಲಿ ಗೂಟಕ್ಕೆ ಅವಳದೊಂದು ಗಂಟು ತೂಗುತ್ತಿತ್ತು. ಹರೆಯದಲ್ಲಿ ಮನೆ ಬಿಟ್ಟು ಬಂದಾಗ ಅವಳು ತಂದದ್ದು ಅದೊಂದೇ. ಯಾರ ಮನೆ ಬಿಟ್ಟಳು, ಯಾಕೆ ಬಿಟ್ಟಳು ಎಂದು ಕೇಳುವ ಧೈರ್ಯ ಯಾವ ಶಿಷ್ಯನಿಗೂ ಬಂದಿರಲಿಲ್ಲ.

"ನಿನ್ನ ಗಂಟೂ ಆ ಗೂಟಕ್ಕ ಹಾಕು," ಎಂದಳು. "ತಂಬೂರಿನೂ ಅಲ್ಲೇ ಇಡು. ಮೊದ್ಲ ನಿನ್ನ ಹೊಲ ನೋಡೂನು ನಡಿ."

"ಹೊಲಾನ? ಬ್ಯಾಡವ್ವ. ಮೊಳಕಿ ಎದ್ದಿದ್ದ ನೋಡಿ ಊರ ಮಂದಿ ನಗಾಕತ್ತೈತಿ."

"ನಾನೂ ಒಂದೀಟು ನಗತೀನಿ. ನಡಿ."

ಒಂದು ಹರದಾರಿ ನಡೆದು ಅವರು ಹೊಲ ಮುಟ್ಟಿದಾಗ ಬಿಸಿಲು ಓರೆಯಾಗಿತ್ತು. ಕಪ್ಪು ನೆಲದ ಮೇಲೆ ಜೋಳದ ಎಳೆ ಮೊಳಕೆ ನಾಲ್ಕು ಬೆರಳು ಎದ್ದಿತ್ತು. ಕೂಸು ಜಾಲಿಮರದ ಜೋಳಿಗೆಯಲ್ಲಿ ಮಲಗಿತ್ತು. ಸಾವಂತ್ರಿ ಮೊಳಕೆ ಇಲ್ಲದ ಕಡೆ ಬೆರಳಿನಿಂದ ತೂತು ಮಾಡಿ ಕಾಳು ಹಾಕಲು ಆಗತಾನೇ ಕೂತಿದ್ದಳು. ಗಂಡನನ್ನು ಕಂಡು ಎದ್ದಳು.

"ತಂಗಿ, ಒಂದೀಟು ತಡಿ," ಎಂದಳು ನೀಲಗಂಗವ್ವ. "ನಾ ಓದೂ ತನಕ ಅಳಸಬ್ಯಾಡ."

ಅವಳು ಚಪ್ಪಲಿ ಬದುವಿನ ಮೇಲೆ ಬಿಟ್ಟು ಮೊದಲ ಸಾಲಿನ ತುದಿಗೆ ಹೋಗಿ ನಿಂತಳು.

ನೋಡುವವರಿಗೆ ಅದು ಕೆಟ್ಟ ಬಿತ್ತನೆ. ಒಂದು ಕಡೆ ಮೊಳಕೆ ಗುಂಪಾಗಿ ಎದ್ದಿತ್ತು, ಮುಂದೆ ಗೇಣು ನೆಲ ಬೋಳು, ಮತ್ತೆ ಎರಡು ಸಣ್ಣ ಗುಂಪು, ಮತ್ತೆ ಬೋಳು. ಮೂರೂ ಸಾಲು ಒಂದೇ ಥರ. ನಿರುಪಾದಿ ನಾಚಿಕೆಯಿಂದ ಬೇರೆ ಕಡೆ ಮುಖ ತಿರುಗಿಸಿಕೊಂಡ.

ನೀಲಗಂಗವ್ವ ತೊಡೆ ತಟ್ಟಲು ಶುರು ಮಾಡಿದಳು. ಗುಂಪು ಬಂದಲ್ಲಿ ಗಟ್ಟಿ ಪೆಟ್ಟು, ಸಣ್ಣ ಗುಂಪಿಗೆ ಸಣ್ಣ ಪೆಟ್ಟು, ಬೋಳು ಬಂದಲ್ಲಿ ಕೈ ಮೇಲೆ. ಹಾಗೇ ತಟ್ಟುತ್ತ ಸಾಲಿನ ಗುಂಟ ನಡೆದಳು.

ಹತ್ತು ಹೆಜ್ಜೆಯೂ ಆಗಿರಲಿಲ್ಲ, ನಿರುಪಾದಿ ಗಕ್ಕನೆ ತಿರುಗಿದ. ಅದು ಅವನ ಪದದ ನಡೆ. ಯಾರ ಮುಂದೂ ಬಾಯಿ ಬಿಟ್ಟು ಹಾಡದ ಪದ.

"ಇಲ್ಲಿ ಉಸಿರು ತಗೊಂಡಿ," ಎಂದಳು ಅವಳು, ಬೋಳು ನೆಲ ತೋರಿಸಿ. "ಇಲ್ಲಿ ಎಳದಿ. ಇಲ್ಲಿ ಪಲ್ಲವಿಗೆ ಹೊಳ್ಳಿದಿ. ಹೌದಲ್ಲೋ?"

ಅವಳ ಪೆಟ್ಟಿನ ಮೇಲೆ ಅವನ ಬಾಯಿ ತಾನೇ ತೆರೆದುಕೊಂಡಿತು.

ಯಾರು ಬಿತ್ತ್ಯಾರವ್ವ ಈ ಉಸಿರ
ಯಾವ ಹೊಲದಾಗ,
ಯಾರ ಮುಷ್ಟಿ ಸಡಲಿತವ್ವ
ಯಾವ ಗಳಿಗ್ಯಾಗ.

ಸಾವಂತ್ರಿ ಕೈಯಲ್ಲಿದ್ದ ಕಾಳು ಹಾಗೇ ಹಿಡಿದು ನಿಂತಳು. ಹಾಡಿನ ದನಿಗೆ ಆಚೆ ಹೊಲದಿಂದ ದುರುಗಪ್ಪ ಬಂದು ಬದುವಿನ ಮೇಲೆ ಕೂತ. ಗುರು ಮುಂದೆ, ಶಿಷ್ಯ ಹಿಂದೆ, ಮೂರು ನುಡಿಯನ್ನು ಅವರು ನೆಲ ನೋಡಿಕೊಂಡೇ ಹಾಡಿದರು. ಮೂರನೆಯದು ಮುಗಿದಲ್ಲಿ ಒಂದು ಮಾರು ನೆಲ ಪೂರಾ ಖಾಲಿ ಇತ್ತು.

"ಇಲ್ಲಿ ದುರುಗಪ್ಪ ಕರದ," ಎಂದಳು ನೀಲಗಂಗವ್ವ.

"ಹೌದವ್ವ."

ಖಾಲಿ ನೆಲದ ಆಚೆ ಮೊಳಕೆ ಬೇರೆಯೇ ಥರ ಇತ್ತು. ಹೊಲದ ಆ ತುದಿಯವರೆಗೂ ಒಂದೇ ಸಮ, ಒತ್ತೂ ಇಲ್ಲ, ಬೋಳೂ ಇಲ್ಲ. ನೀಲಗಂಗವ್ವ ತಟ್ಟಲು ಕೈ ಎತ್ತಿದವಳು ಕೆಳಗಿಳಿಸಿದಳು.

"ಇಲ್ಲಿಂದ ಯಾರು ಬಿತ್ತಿದ್ರು?"

"ನಾನವ್ವ," ಎಂದಳು ಸಾವಂತ್ರಿ.

"ಬಾಣಂತಿ ನೀನು."

"ಹದ ಹೋದ ಮ್ಯಾಲ ಬಿತ್ತಾಕ ಬರತೈತೇನು? ಕೂಸಿನ್ನ ಬೆನ್ನಿಗೆ ಕಟಗೊಂಡಿದ್ದೆ."

ನೀಲಗಂಗವ್ವ ಮುಂದೆ ಹೋಗಿ ಒಂದು ಕಡೆ ಬಗ್ಗಿದಳು. ಅಷ್ಟುದ್ದದ ಸಾಲಿನಲ್ಲಿ ಅಲ್ಲೊಂದು ಕಡೆ ಮಾತ್ರ ಐದಾರು ಮೊಳಕೆ ಒಟ್ಟಿಗೆ ಎದ್ದಿದ್ದವು.

"ಇಲ್ಲೇನಾತು?"

"ಕೂಸು ಅತ್ತಿತ್ತು," ಎಂದಳು ಸಾವಂತ್ರಿ. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಂಡಳು.

ನೀಲಗಂಗವ್ವ ಆ ನೆಲದಲ್ಲೇ ಕೂತುಬಿಟ್ಟಳು. ಕಣ್ಣು ಮುಚ್ಚಿ, ಬೆರಳಿನಿಂದ ಗಾಳಿಯಲ್ಲಿ ಮೆಲ್ಲಗೆ ತಂತಿ ಮೀಟುತ್ತ ಹೋದಳು. ಹಾಡಲಿಲ್ಲ. ಹಾಡಲು ಅಲ್ಲಿ ಪೆಟ್ಟಿರಲಿಲ್ಲ, ಬಿಡುವಿರಲಿಲ್ಲ. ಆಮೇಲೆ ಕಣ್ಣು ಬಿಟ್ಟು ಕೇಳಿದಳು.

"ನಿರುಪಾದಿ, ನಿನ್ನ ತಂಬೂರಿ ಎಲ್ಲೈತಿ?"

"ನಿಮ್ಮ ಗುಡಿಸಲದಾಗ ಬಿಟ್ಟೀನವ್ವ."

"ಅಲ್ಲಿ ಒಂದು ಬಿಟ್ಟಿ. ಇಲ್ಲಿ ಒಂದು ಬಿಟ್ಟಿ."

ನಿರುಪಾದಿ ಸಾಲಿನ ಗುಂಟ ದೂರದವರೆಗೂ ನೋಡಿದ. ಮದುವೆಯಾದ ಏಳು ವರ್ಷವೂ ಹಾಡುವಾಗೆಲ್ಲ ತನ್ನ ಹಿಂದೆ ತಂಬೂರಿ ಒಂದೇ ಮಿಡಿಯುತ್ತಿದೆ ಎಂದುಕೊಂಡಿದ್ದ. ಹೆಂಡತಿಯ ಕಡೆ ತಿರುಗಲು ಅವನಿಗೆ ಮುಖವಿರಲಿಲ್ಲ.

"ಆದ್ರ ಕಡೀ ನುಡಿ ಇಲ್ಲೂ ಇಲ್ಲವ್ವ," ಎಂದ, ನೆಲಕ್ಕೇ ಹೇಳುವವನಂತೆ.

"ಇಲ್ಲಿ ಹ್ಯಾಂಗ ಇರತೈತಿ? ಆ ಹೊತ್ತಿಗೆ ನೀನು ಇಲ್ಲಿದ್ದೇನು?"

ಅವಳು ಎದ್ದು ಬದು ದಾಟಿದಳು. ನಿರುಪಾದಿ ಹಿಂದೆ ನಡೆದ. ದುರುಗಪ್ಪನ ಹೊಲಕ್ಕೆ ಬಿತ್ತನೆಯಾದ ಮೇಲೆ ಅವನು ಕಾಲಿಟ್ಟಿರಲಿಲ್ಲ.

ಅಲ್ಲಿಯೂ ಮೊಳಕೆ ಎದ್ದಿತ್ತು. ಅಲ್ಲಿಯೂ ಗುಂಪು ಇತ್ತು, ಬೋಳು ಇತ್ತು. ಆದರೆ ಗುಂಪುಗಳು ಸಣ್ಣವು, ನಡುವಿನ ಬೋಳು ಉದ್ದ. ನೀಲಗಂಗವ್ವ ತೊಡೆ ತಟ್ಟಿ ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಈ ನಡಿ ನಿಂದಲ್ಲ."

"ನಂದ ಅವ್ವ. ನಾನ ಬಿತ್ತೀನಿ."

"ಕೈ ನಿಂದು. ನಡಿ ಯಾರದು?"

ಉತ್ತರ ಕೊಟ್ಟವನು ಬದುವಿನ ಮೇಲಿದ್ದ ದುರುಗಪ್ಪ.

"ಅದು ಹೊನ್ನವ್ವಂದು, ತಾಯಿ. ಆಕಿಗೆ ಮೊಳಕಾಲು ನೋವಿತ್ತು. ಒಂದು ಹೆಜ್ಜಿ ಇಟ್ಟು ತಡದು, ಇನ್ನೊಂದು ಇಡತಿದ್ಲು. ನನ್ನ ಎತ್ತಿಗೆ ಅದ ರೂಢಿ. ಇವಾ ಬಿರಬಿರ ಹೊಂಟಾಗ ಎತ್ತು ನಡೀವಲ್ಲವು. ತಡದು ಬಿಡೋ ತಮ್ಮ, ನಮ್ಮಾಕಿ ಬಿಟ್ಟಾಂಗ ಬಿಡು ಅಂದೆ. ಬಿಟ್ಟ."

ಮೂವತ್ತೆಂಟು ವರ್ಷದಂತೆಯೇ ಈ ವರ್ಷವೂ ಆ ಹೊಲದಲ್ಲಿ ಹೊನ್ನವ್ವ ನಡೆದು ಹೋದ ಗುರುತು ಹಸಿರಾಗಿ ಎದ್ದು ನಿಂತಿತ್ತು.

ನೀಲಗಂಗವ್ವ ಮತ್ತೆ ತಟ್ಟಿದಳು. ಒಂದು ಪೆಟ್ಟು, ತಡೆ. ಒಂದು ಪೆಟ್ಟು, ತಡೆ. ಎರಡು ವರ್ಷ ನಿರುಪಾದಿ ತನ್ನ ಬಿರುಸು ನಡೆಗೆ ಕಡೆಯ ನುಡಿಯನ್ನು ಕೂಡಿಸಲು ಹೆಣಗಿದ್ದ. ಈಗ ಅದು ನೋಯುವ ಮೊಳಕಾಲಿನ ನಡೆಗೆ, ಏನೂ ಜಗ್ಗಾಡದೆ, ತಾನಾಗಿ ಬಂತು.

ಬಿತ್ತಿದಾಕಿ ಹೋದಾಳವ್ವ
ಬೀಜ ಉಳದೈತಿ,
ನನ್ನ ಕೈಯಾಗ ಆಕಿ ಮುಷ್ಟಿ
ಮೆಲ್ಲಕ ಬಿಚ್ಚತೈತಿ.

ದುರುಗಪ್ಪ ಮುಖಕ್ಕೆ ಟವೆಲ್ಲು ಒತ್ತಿಕೊಂಡ. ನಿರುಪಾದಿಯ ಕಣ್ಣಿನಿಂದ ನೀರು ಇಳಿದು ಗದ್ದದವರೆಗೂ ಬಂತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಇಷ್ಟು ದೊಡ್ಡದರ ಎದುರಿಗೆ ನಿಂತು ಅವನಿಗೆ ಹೆದರಿಕೆಯೇ ಆಗಿತ್ತು.

"ಮುಗೀತವ್ವ," ಎಂದ. "ಪದ ಮುಗೀತು."

"ಕೇಳಿದೆ," ಎಂದಳು ನೀಲಗಂಗವ್ವ.

ಜೋಳಿಗೆಯಲ್ಲಿ ಕೂಸು ಎದ್ದು ಅಳತೊಡಗಿತು. ನಿರುಪಾದಿ ಓಡಿಹೋಗಿ ಎತ್ತಿಕೊಂಡ. ಎದೆಗೆ ಒತ್ತಿಕೊಂಡು ಸಾವಂತ್ರಿಯ ಮುಂದೆ ಬಂದು ನಿಂತ.

"ರೊಟ್ಟಿ ತಿಂದ್ರೇನು?" ಎಂದು ಸಾವಂತ್ರಿಯೇ ಕೇಳಿದಳು.

"ಇಲ್ಲ. ಗಂಟಿನ್ಯಾಗ ಅದಾವ."

"ಮುಂಜಾನಿಂದ ಹಸಗೊಂಡ ಅದೀರಿ."

ನೀಲಗಂಗವ್ವ ಬದು ದಾಟಿ ಬಂದಳು. ಸಾವಂತ್ರಿಯ ಉಡಿಯಿಂದ ಒಂದು ಹಿಡಿ ಕಾಳು ತೆಗೆದುಕೊಂಡಳು. ಮೊದಲ ಸಾಲಿಗೆ ಹೋಗಿ, ಶಿಷ್ಯ ಉಸಿರು ತೆಗೆದುಕೊಂಡಿದ್ದ ಬೋಳು ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆರಳಿನಿಂದ ತೂತು ಮಾಡಿ ಮೊದಲ ಕಾಳು ಹಾಕಿದಳು. ಅವಳ ಕೈ ಆ ಕೆಲಸವನ್ನು ಬಹಳ ವರ್ಷದ ಹಿಂದೆಯೇ ಕಲಿತ ಕೈ ಎಂದು ಸಾವಂತ್ರಿಗೆ ನೋಡಿದ ಕೂಡಲೇ ತಿಳಿಯಿತು.

"ತಂಗಿ, ಓದೂದು ಮುಗೀತು. ಇನ್ನ ತುಂಬೂನು ಬಾ," ಎಂದಳು.

ಸಾವಂತ್ರಿ ಅವಳ ಪಕ್ಕದಲ್ಲಿ ಹೋಗಿ ಕೂತಳು.

ನಿರುಪಾದಿ ಕೂಸನ್ನು ಎತ್ತಿಕೊಂಡು ಹತ್ತಿರ ಬಂದ. "ಅವ್ವ, ನಾ ಏನ ಮಾಡ್ಲಿ?"

ನೀಲಗಂಗವ್ವ ತಲೆ ಎತ್ತಲಿಲ್ಲ. ಇನ್ನೊಂದು ತೂತು ಮಾಡಿ, ಕಾಳು ಹಾಕಿ, ಮಣ್ಣು ಮುಚ್ಚಿದಳು.

"ಗುಡಿಸಲಕ್ಕ ಹೋಗಿ ನಿನ್ನ ತಂಬೂರಿ, ಗಂಟು ತಗೊಂಡ ಬಾ. ಹಂಗ ಬರೂ ಮುಂದ ನನ್ನ ಗಂಟೂ ತಗೊಂಡ ಬಾ."