ಹೊತ್ತು ತಂದ ವಾದ್ಯ

ಬನ್ನಿ, ಕೂತ್ಕೊಳ್ಳಿ. ಕಡಲೆಕಾಯಿ ಸಿಪ್ಪೆ ಮೊರದೊಳಗೇ ಹಾಕಬೇಕು, ನೆಲದ ಮೇಲೆ ಚೆಲ್ಲಿದರೆ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಹ್ಞಾ, ಈಗ ಕೇಳಿ.

ಕಣಿವೆಕೋಟೆ ಅಂತ ಒಂದೂರು. ಅಲ್ಲಿಗೆ ಹಾಲಪ್ಪ ನಾಯಕ ಅಂತ ದೊರೆ. ಒಳ್ಳೆಯವನೇ, ಆದರೆ ಮಧ್ಯಾಹ್ನ ಉಂಡಮೇಲೆ ತಂತಿಯ ನಾದ ಕಿವಿಗೆ ಬೀಳದಿದ್ದರೆ ಅವನಿಗೆ ಕಣ್ಣು ಹತ್ತುತ್ತಿರಲಿಲ್ಲ. ನಿದ್ದೆ ಇಲ್ಲದ ದಿನ ಕಂಡಕಂಡವರ ಮೇಲೆ ರೇಗೋನು.

ಒಂದು ಸಲ ಅವನಿಗೆ ಬೆಟ್ಟದ ದೇವರಿಗೆ ಕಾಲ್ನಡಿಗೆಯಲ್ಲಿ ಹೋಗಿ ಹರಕೆ ತೀರಿಸೋ ಕಾಲ ಬಂತು. ಆ ಬೆಟ್ಟದ ಕಟ್ಟಳೆ ಏನು ಗೊತ್ತೇ? ತನ್ನ ಹೊರೆ ತಾನೇ ಹೊರಬೇಕು. ದೊರೆ ಆದರೂ ಅಷ್ಟೆ, ಕೂಲಿ ಆದರೂ ಅಷ್ಟೆ. ಒಬ್ಬರ ಗಂಟು ಇನ್ನೊಬ್ಬರು ಮುಟ್ಟೋ ಹಾಗಿಲ್ಲ.

"ದಾರಿಯಲ್ಲಿ ನನ್ನ ನಿದ್ದೆ ಗತಿ ಏನು?" ಅಂದ ದೊರೆ.

ಆಸ್ಥಾನದ ವೈಣಿಕ ಶ್ರೀಕಂಠಯ್ಯ ಎದ್ದು ನಿಂತ. "ಪ್ರಭು, ನಾನಿಲ್ಲವೇ? ನನ್ನ ವೀಣೆ ನಾನೇ ಹೊತ್ತು ಬರ್ತೀನಿ."

ಅಲ್ಲೇ ಮೂಲೆಯಲ್ಲಿದ್ದ ಕೆಂಚಣ್ಣ ಕಿಸಕ್ಕನೆ ನಕ್ಕ. ಕೆಂಚಣ್ಣ ಅಂದರೆ ದೊರೆಯನ್ನ ನಗಿಸೋ ಜಾಣ. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಯಾಕೋ ನಗ್ತೀಯ?" ಅಂದ ದೊರೆ.

"ಮಗು ಎತ್ತಿಕೊಂಡ ಹಾಗೆ ಅದನ್ನ ಎತ್ತಿಕೊಂಡು ಬೆಟ್ಟ ಹತ್ತಬೇಕಲ್ಲ, ಪ್ರಭು! ನಾನಾಗಿದ್ದರೆ ಒಂದೆಳ್ಳಿನಷ್ಟೂ ಭಾರ ಇಲ್ಲದ ವಾದ್ಯ ತರ್ತಿದ್ದೆ."

ಶ್ರೀಕಂಠಯ್ಯನಿಗೆ ಉರಿದುಹೋಯ್ತು. "ತರಲಿ ಪ್ರಭು! ತರದಿದ್ದರೆ ಅರಮನೆ ಬಾಗಿಲಲ್ಲಿರೋ ಅವನ ಮನೆ ನನಗೆ ಕೊಡಿಸಿ. ಎಷ್ಟು ದಿನದಿಂದ ಕಣ್ಣಿಟ್ಟಿದ್ದೀನಿ."

"ಆಗಲಿ," ಅಂದುಬಿಟ್ಟ ದೊರೆ.

ಕೆಂಚಣ್ಣ ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಗಿರಿಯಮ್ಮ ಮಾಡಿನ ಮೇಲೆ ಹಬ್ಬಿದ ಬಳ್ಳಿಯಿಂದ ಒಣಗಿದ ಸೋರೆಬುರುಡೆ ಕೀಳ್ತಾ ಇದ್ದಳು. ಸಂಗತಿ ಕೇಳಿದ್ದೇ ತಡ, ಕೆಳಗಿಳಿದು ಬಂದಳು.

"ನಗೋದಕ್ಕೆ ಹೋಗಿ ಮನೆ ಕಳಕೊಂಡಿರಾ? ಆ ವೀಣೆಯವರು ಬಂದು ನನ್ನ ಬಳ್ಳಿ ಕಿತ್ತು ಬಿಸಾಕಲಿ ಅಂತಲೇ? ನಾಳೆ ದೊರೆ ಜೊತೆ ಬೆಟ್ಟಕ್ಕೆ ಹೋಗೋರಿಗೆ ನೀರಿಗೆ ಅಂತ ಬುರುಡೆ ಬೇರೆ ಕೊರೆದಿಟ್ಟಿದ್ದೀನಿ, ನನಗೆ ಬುದ್ಧಿ ಇಲ್ಲ. ಇಗೋ ಬುರುಡೆ, ಇಗೋ ನಿಮ್ಮ ಬಿದಿರುಕೋಲು. ಹೋಗಿ, ದೇವರ ಕಾಲಾದರೂ ಹಿಡಿಯಿರಿ!"

ಕೆಂಚಣ್ಣ ಬುರುಡೆ ನೋಡಿದ. ಕೋಲು ನೋಡಿದ. ಬೆರಳಲ್ಲಿ ಬುರುಡೆ ಬಡಿದ. ಆಮೇಲೆ ಹೆಂಡತಿ ಮುಖ ನೋಡಿ, "ಬಳ್ಳಿಗೆ ನೀರು ಹಾಕು ಗಿರಿ, ಮನೆ ಎಲ್ಲಿಗೂ ಹೋಗಲ್ಲ," ಅಂದ.

ಮಾರನೆಯ ಬೆಳಗ್ಗೆ ಹೊರಟರು. ದೊರೆಯ ಹೆಗಲಲ್ಲಿ ಕಂಬಳಿ ಗಂಟು. ಶ್ರೀಕಂಠಯ್ಯ ವೀಣೆಯ ಭಾರಕ್ಕೆ ಹೆದರಿ ಕಂಬಳಿಯನ್ನೂ ನೀರನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದ. ಕೆಂಚಣ್ಣನ ಕೈಯಲ್ಲಿ ಕೋಲು, ಸೊಂಟದಲ್ಲಿ ನೀರಿನ ಬುರುಡೆ, ಬೆನ್ನಿಗೆ ಸಣ್ಣ ಗಂಟು.

"ವಾದ್ಯ ಎಲ್ಲಯ್ಯಾ?" ಅಂತ ಶ್ರೀಕಂಠಯ್ಯ ಕೆಣಕಿದ.

"ಬರ್ತಾ ಇದೆ, ಬರ್ತಾ ಇದೆ."

"ಹಿಂದೆ ಯಾರೂ ಕಾಣಿಸೋದೇ ಇಲ್ಲ!"

"ಹಿಂದೆ ಯಾಕೆ ನೋಡ್ತೀರಿ ಸ್ವಾಮಿ, ಕಾಲ ಕೆಳಗೆ ನೋಡಿ. ಎಡವೀರಿ."

ಎಡವಿಯೇಬಿಟ್ಟ. ವೀಣೆ ಕೊಂಬೆಗೊಂದು ಏಟು, ಬಂಡೆಗೊಂದು ಏಟು ತಿಂತು. ಬಿಸಿಲೇರಿತು. ವೀಣೆಯ ತಂತಿ ಕೆಳಗಿನ ಮೆಟ್ಟುಗಳನ್ನ ಮೇಣದಲ್ಲಿ ಕೂರಿಸಿರ್ತಾರಲ್ಲ, ಆ ಮೇಣ ಕರಗಿ ಮೆಟ್ಟುಗಳು ಒಂದರ ಮೇಲೊಂದು ಒರಗಿಕೊಂಡವು.

ಮಧ್ಯಾಹ್ನ ಒಂದು ಆಲದ ಮರದಡಿ ಉಂಡರು. ದೊರೆ ಕಂಬಳಿ ಹಾಸಿ ಮಲಗಿದ. "ನುಡಿಸಯ್ಯಾ!"

ಶ್ರೀಕಂಠಯ್ಯ ತಂತಿ ಮೀಟಿದ. ಕೊರ್ ಅಂತು. ದೊರೆ ಧಡಕ್ಕನೆ ಎದ್ದು ಕೂತ. "ಬೆಕ್ಕಿನ ಬಾಲ ತುಳಿದೆಯೇನಯ್ಯಾ?"

ಪಾಪ, ಅವನಿಗೆ ಮಾತಾಡೋಕೂ ಗಂಟಲೊಣಗಿತ್ತು. ದೊರೆ ಕೆಂಪು ಕಣ್ಣು ಬಿಟ್ಟುಕೊಂಡು ಕೆಂಚಣ್ಣನ ಕಡೆ ತಿರುಗಿದ. "ಎಲ್ಲೋ ನಿನ್ನ ವಾದ್ಯ? ಮನೆ ಹೋಯ್ತು ಅಂತ ತಿಳಕೋ!"

"ಒಂದು ಚಣ ಪ್ರಭು. ನನ್ನ ವಾದ್ಯ ಶ್ರೀಕಂಠಯ್ಯನವರಿಗೆ ನೀರು ಕೊಟ್ಟು ಬರಲಿ."

ಬುರುಡೆಯಲ್ಲಿದ್ದ ನೀರನ್ನೆಲ್ಲ ವೈಣಿಕನ ಬೊಗಸೆಗೆ ಸುರಿದ. ಬರಿದಾದ ಬುರುಡೆಯನ್ನ ಕೋಲಿಗೆ ಬಿಗಿದು ಕಟ್ಟಿದ. ಮನೆಯಿಂದಲೇ ತಲೆಯ ರುಮಾಲಿಗೆ ಸುತ್ತಿಕೊಂಡು ಬಂದಿದ್ದ ಒಂದು ತಂತಿ ಬಿಚ್ಚಿ ಕೋಲಿನ ಈ ತುದಿಯಿಂದ ಆ ತುದಿಗೆ ಎಳೆದು, ಕೆಳಗೊಂದು ಕಡ್ಡಿಚೂರು ತುರುಕಿದ. ಬೆರಳಿಂದ ಮೀಟಿದ. ಟುಂಯ್... ಟುಂಯ್... ಜೊತೆಗೆ ಮೆಲ್ಲಗೆ ಒಂದು ಜೋಗುಳ ಎತ್ತಿಕೊಂಡ.

ಜೋಗುಳ ಮುಗಿಯೋ ಮೊದಲೇ ದೊರೆ ಗೊರಕೆ ಹೊಡೆದ.

ಎದ್ದಮೇಲೆ ಶ್ರೀಕಂಠಯ್ಯ ಬಿಡಲಿಲ್ಲ. "ಪ್ರಭು, ಇದು ಮೋಸ! ಬುರುಡೆಗೆ ಭಾರವಿಲ್ಲವೇ? ಕೋಲಿಗೆ ಭಾರವಿಲ್ಲವೇ? ಇವನೂ ಹೊತ್ತೇ ತಂದಿದ್ದಾನೆ!"

"ಹೌದಲ್ಲೋ ಕೆಂಚಣ್ಣ, ಅದಕ್ಕೇನಂತೀಯ?" ಅಂದ ದೊರೆ.

ಕೆಂಚಣ್ಣ ಕೈಮುಗಿದ. "ಪ್ರಭು, ಕಾಲು ಸೋತಾಗ ನನ್ನನ್ನ ಎತ್ತಿ ನಿಲ್ಲಿಸಿದ್ದು ಈ ಕೋಲು. ಗಂಟಲು ಒಣಗಿದಾಗ ಜೀವ ಉಳಿಸಿದ್ದು ಈ ಬುರುಡೆ. ಶ್ರೀಕಂಠಯ್ಯನವರು ವಾದ್ಯವನ್ನ ಹೊತ್ತು ತಂದರು. ನನ್ನನ್ನ ನನ್ನ ವಾದ್ಯವೇ ಹೊತ್ತು ತಂತು!"

ದೊರೆ ನಕ್ಕ ನಗುವಿಗೆ ಆಲದ ಮರದ ಹಕ್ಕಿಗಳೆಲ್ಲ ಹಾರಿಹೋದವು. ಕೈಯಲ್ಲಿದ್ದ ಕಡಗ ತೆಗೆದು ಅಲ್ಲೇ ಕೆಂಚಣ್ಣನಿಗೆ ತೊಡಿಸಿದ.

ದೊರೆ ಹರಕೆ ತೀರಿಸಿ ಬಂದ, ಬಾಳಿನುದ್ದಕ್ಕೂ ಚೆನ್ನಾಗಿ ನಿದ್ದೆ ಮಾಡಿದ. ಶ್ರೀಕಂಠಯ್ಯ ವೀಣೆಗೆ ಹೊಸ ಮೇಣ ಹಾಕಿಸಿ ಅರಮನೆಯಲ್ಲಿ ಸೊಗಸಾಗಿ ನುಡಿಸಿಕೊಂಡಿದ್ದ, ಬೆಟ್ಟದ ಮಾತೆತ್ತಿದರೆ ಮಾತ್ರ ಎದ್ದು ಹೋಗೋನು. ಕೆಂಚಣ್ಣ ತನ್ನ ಮನೆಯಲ್ಲೇ ಮುದುಕನಾದ. ಗಿರಿಯಮ್ಮ? ಅವಳ ಬಳ್ಳಿ ಮಾಡು ದಾಟಿ ಪಕ್ಕದ ಮನೆಗೂ ಹಬ್ಬಿತು. ಒಂದು ದಿನ ಶ್ರೀಕಂಠಯ್ಯನೇ ಬಂದು ಬಾಗಿಲಲ್ಲಿ ನಿಂತು, "ತಾಯಿ, ಒಂದು ಹಿಡಿ ಸೋರೆಬೀಜ ಕೊಡ್ತೀರಾ?" ಅಂತ ಕೇಳಿದನಂತೆ. ಕೊಟ್ಟಳು. ಜೊತೆಗೆ ಒಂದು ಬಿದಿರುಕೋಲೂ ಕೊಟ್ಟಳು.